ಕೈ ಎತ್ತಿ ಕಾಯುವ ಕೋಣೆ

ಆ ಕೋಣೆಯ ಗೋಡೆಗಳಿಗೆ ಸ್ಪಂಜು ಅಂಟಿಸಿದ್ದರು. ಮೊಟ್ಟೆ ಜೋಡಿಸುವ ತಟ್ಟೆಯ ಹಾಗೆ ಉಬ್ಬುತಗ್ಗಿದ್ದ ಬೂದು ಬಣ್ಣದ ಸ್ಪಂಜು, ಸೊಂಟದ ಎತ್ತರದಿಂದ ಚಾವಣಿಯವರೆಗೆ. ಮೊದಲ ದಿನ ಒಳಗೆ ಕಾಲಿಟ್ಟಾಗ ನನ್ನ ಪಕ್ಕದಲ್ಲಿದ್ದ ಹುಡುಗಿ ಅದನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ನಮ್ಮ ಅಂಗಡ್ಯಾಗ ಇದನ್ನ ಗಾದಿಯೊಳಗ ಹಾಕ್ತಾರ. ಇವರು ಗ್ವಾಡಿಗೇ ಹಾಸಿಗಿ ಹಾಸ್ಯಾರ ನೋಡ," ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಬೈಸಿಕೊಂಡೆವು. ನಕ್ಕದ್ದಕ್ಕಲ್ಲ, ಅವಳು ಕನ್ನಡದಲ್ಲಿ ಮಾತಾಡಿದ್ದಕ್ಕೆ.

ಇದು ಹುಬ್ಬಳ್ಳಿಯ ವಿದ್ಯಾನಗರದ ಒಂದು ಕೋಚಿಂಗ್ ಕ್ಲಾಸಿನ ಮಾತು. ಕಟ್ಟಡದ ಮೂರನೇ ಮಹಡಿ. ಕೆಳಗೆ ಕನ್ನಡಕದ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟರು, ಅದರ ಮೇಲೆ ಒಂದು ಖಾಲಿ ಮಹಡಿ, ಅದರ ಮೇಲೆ ನಾವು. ಪದವಿ ಮುಗಿದ ಮೇಲೆ ದೊಡ್ಡ ಸಂಸ್ಥೆಗಳಲ್ಲಿ ಮ್ಯಾನೇಜ್‌ಮೆಂಟ್ ಓದಬೇಕು ಅನ್ನುವವರು ಬರೆಯುವ ಪ್ರವೇಶ ಪರೀಕ್ಷೆಗೆ ಅಲ್ಲಿ ತಯಾರಿ ಮಾಡಿಸುತ್ತಿದ್ದರು. ಆ ಪರೀಕ್ಷೆಯಲ್ಲಿ ಲೆಕ್ಕ ಉಂಟು, ತರ್ಕ ಉಂಟು, ಅವುಗಳ ಜೊತೆಗೆ ವರ್ಬಲ್ ಅನ್ನುವ ಭಾಗವೊಂದು ಉಂಟು. ವರ್ಬಲ್ ಅಂದರೆ ಇಂಗ್ಲಿಷಿನ ಉದ್ದುದ್ದ ಲೇಖನಗಳನ್ನು ಓದಿ, ಬರೆದವನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುವುದು, ಚೆಲ್ಲಾಪಿಲ್ಲಿ ಮಾಡಿಟ್ಟ ವಾಕ್ಯಗಳನ್ನು ಸಾಲಾಗಿ ಜೋಡಿಸುವುದು. ಎಲ್ಲ ಕೂಡಿಸಿ ಒಳ್ಳೆಯ ಅಂಕ ಬಂದರೂ ಸಾಲದು. ವರ್ಬಲ್‌ನಲ್ಲಿ ಬೇರೆಯಾಗಿಯೇ ಒಂದು ಗೆರೆ ದಾಟಬೇಕು. ನಮ್ಮ ಕಡೆಯ ಮಕ್ಕಳು ಮುಗ್ಗರಿಸುವುದು ಅಲ್ಲೇ.

ಆ ಹುಡುಗಿಯೂ ಹಿಂದಿನ ವರ್ಷ ಅಲ್ಲೇ ಮುಗ್ಗರಿಸಿದ್ದಳು. ಲೆಕ್ಕದಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ. ನಾನು ಪ್ರಶ್ನೆ ಓದಿ ಮುಗಿಸುವುದರೊಳಗೆ ಅವಳು ಉತ್ತರ ಒತ್ತಿ ಮುಂದೆ ಹೋಗಿರುತ್ತಿದ್ದಳು. ವರ್ಬಲ್ ಬಂತು ಅಂದರೆ ಮುಖ ಸಣ್ಣದಾಗುತ್ತಿತ್ತು. ಹಳೇ ಹುಬ್ಬಳ್ಳಿಯಲ್ಲಿ ಅವಳ ತಂದೆಯದು ಗಾದಿ, ದಿಂಬು ಹೊಲಿದು ಮಾರುವ ಅಂಗಡಿ. ಅವರು ಜೋರು ಮಾಡುವವರಲ್ಲ. ಇನ್ನೊಂದು ವರ್ಷ ಓದು, ಆದರೆ ಸಂತೋಷ, ಆಗಲಿಲ್ಲವೆಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ನಿನಗೂ ಒಂದು ಜಾಗ ಇದೆ ಅಂದಿದ್ದರಂತೆ. ಅದನ್ನು ಅವಳು ನನಗೆ ನಗುತ್ತಲೇ ಹೇಳಿದಳು. ಆದರೆ ಆ ವರ್ಷವೊಂದೇ ತನ್ನದು ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ನನಗೂ ಗೊತ್ತಾಯಿತು. ನಾನು ರಾಯಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಬಿ.ಕಾಂ. ಹುಡುಗಿ. ಗೆಳತಿಯರು ಬರೆಯುತ್ತಾರೆ, ನಾನೂ ಬರೆಯುತ್ತೇನೆ ಅಂತ ಸೇರಿದವಳು. ಅವಳಿಗೆ ಹಾಗಿರಲಿಲ್ಲ.

ಕ್ಲಾಸು ನಡೆಸುತ್ತಿದ್ದವರನ್ನು ಎಲ್ಲರೂ ಸರ್ ಅಂತಲೇ ಕರೆಯುತ್ತಿದ್ದೆವು. ಧಾರವಾಡದವರೇ. ಕೆಲವು ವರ್ಷ ಹೊರಗಿದ್ದು ಬಂದವರು. ಅವರದೊಂದು ಸಿದ್ಧಾಂತವಿತ್ತು. ನಮಗೆ ವರ್ಬಲ್ ಬರದಿರುವುದಕ್ಕೆ ಕಾರಣ ನಾವು ಕನ್ನಡದಲ್ಲಿ ಯೋಚಿಸುವುದು. ಕನ್ನಡವನ್ನು ತಲೆಯಿಂದ ಹೊರಗೆ ಹಾಕಿದರೆ ಆ ಜಾಗಕ್ಕೆ ಇಂಗ್ಲಿಷು ತಾನಾಗಿ ಬರುತ್ತದೆ. ಬಾಡಿಗೆಯವರನ್ನು ಬಿಡಿಸಿದರೆ ಮನೆ ಖಾಲಿಯಾಗುವ ಹಾಗೆ. ಅದಕ್ಕೇ ಮೂರನೇ ಮಹಡಿಯ ಕೊನೆಯ ಮೆಟ್ಟಿಲಿನ ಆಚೆ ಒಂದು ಶಬ್ದ ಕನ್ನಡ ಆಡಕೂಡದು. ಆಡಿದರೆ ಆಡಿದವರೊಬ್ಬರಿಗೇ ಶಿಕ್ಷೆಯಲ್ಲ. ಅವರು ಕೂತ ಸಾಲಿನ ಎಲ್ಲರ ಆ ದಿನದ ಪರೀಕ್ಷೆಯನ್ನು ಅಳಿಸಿ ಹಾಕುತ್ತಿದ್ದರು. ಈ ಉಪಾಯ ಎಷ್ಟು ಕೆಟ್ಟದ್ದು ಅಂತ ಅಲ್ಲಿ ಕೂತವರಿಗಷ್ಟೇ ಅರ್ಥವಾದೀತು. ನಮ್ಮ ಬಾಯಿಗೆ ಸರ್ ಕಾವಲು ಕೂರಬೇಕಾಗಿರಲಿಲ್ಲ, ನಾವೇ ಒಬ್ಬರಿಗೊಬ್ಬರು ಕೂತಿದ್ದೆವು. ಒಬ್ಬ ಹುಡುಗ ಸೀನಿ, "ಅಯ್ಯೋ" ಅಂದದ್ದಕ್ಕೆ ಅವನ ಸಾಲಿನವರು ಒಂದು ವಾರ ಅವನ ಜೊತೆ ಚಹಾಕ್ಕೆ ಹೋಗಲಿಲ್ಲ.

ಇನ್ನೊಂದು ಪದ್ಧತಿ, ಕೈ ಎತ್ತುವುದು. ನಿಜವಾದ ಪರೀಕ್ಷಾ ಕೇಂದ್ರದಲ್ಲಿ ಎದ್ದು ನಿಲ್ಲುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಏನು ಬೇಕಾದರೂ ಕೈ ಎತ್ತಿ ಕಾಯಬೇಕು ಅಂತ ಸರ್ ಹೇಳಿದ್ದರು. ಅದರ ಅಭ್ಯಾಸವನ್ನೂ ಇಲ್ಲೇ ಮಾಡಿಸುತ್ತಿದ್ದರು. ಕೋಣೆಯನ್ನು ಕೇಂದ್ರದ ಹಾಗೆ ಕಟ್ಟಿಸಿದ್ದರು. ಕಂಪ್ಯೂಟರುಗಳ ನಡುವೆ ಹಲಗೆಯ ಅಡ್ಡಗೋಡೆ, ಕಿವಿ ಪೂರಾ ಮುಚ್ಚುವ ಹೆಡ್‌ಫೋನು, ಕಿಟಕಿಗಳನ್ನು ಒಳಗಿನಿಂದ ಮುಚ್ಚಿ ಅದರ ಮೇಲೂ ಸ್ಪಂಜು. ಬಾಗಿಲು ಒಂದೇ. ಅದರಲ್ಲಿ ಮುಖದಗಲದ ಗಾಜು. ಪರೀಕ್ಷೆ ಶುರುವಾದರೆ ಸರ್ ಹೊರಗಿನಿಂದ ಚಿಲಕ ಹಾಕುತ್ತಿದ್ದರು, ನಡುವೆ ಯಾರೂ ಎದ್ದು ಹೋಗಬಾರದು ಅಂತ. ರಫ್ ಹಾಳೆ ಬೇಕಾದರೆ ಕೈ ಎತ್ತಬೇಕು. ಸರ್ ಗಾಜಿನಲ್ಲಿ ನೋಡಿಯೂ ಬೇಕಂತಲೇ ತಡ ಮಾಡುತ್ತಿದ್ದರು. ಕಾಯುವುದೂ ಪರೀಕ್ಷೆಯ ಭಾಗವಂತೆ. ತೋಳು ನೋಯುವವರೆಗೆ ಕೈ ಮೇಲೆ ಹಿಡಿದು, ಇನ್ನೊಂದು ಕೈಯಲ್ಲಿ ಮೌಸು ಆಡಿಸುವುದನ್ನು ನಾವು ಕಲಿತೆವು. ಕಲಿತೆವಲ್ಲ ಅಂತ ಹೆಮ್ಮೆಯನ್ನೂ ಪಟ್ಟೆವು.

ಇದೆಲ್ಲ ಎಷ್ಟು ತಪ್ಪು ಅಂತ ಈಗ ಬರೆಯುವಾಗ ಕಾಣುತ್ತದೆ. ಆಗ ಕಾಣಲಿಲ್ಲ. ಪದವಿ ಓದಿದ ಇಷ್ಟು ಜನ ದಿನವೂ ಆ ಚಿಲಕದ ಸದ್ದು ಕೇಳಿಸಿಕೊಂಡು, ಸ್ಪಂಜಿನ ನಡುವೆ ಕೂತು, ಲೇಖಕನ ಧಾಟಿ ವ್ಯಂಗ್ಯದ್ದೋ ವಿಷಾದದ್ದೋ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆವು.

ಅವತ್ತು ಮಧ್ಯಾಹ್ನ ಪೂರ್ಣ ಪರೀಕ್ಷೆಯಿತ್ತು. ಮೊದಲು ವರ್ಬಲ್. ಶುರುವಾಗುವ ಮುಂಚೆ ಕರೆಂಟು ಹೋಗಿ ಬಂದು, ಮತ್ತೆ ಹೋಗಿ ಬಂತು. ಬಾಗಿಲಿನ ಮೇಲೆ ಕೂರಿಸಿದ್ದ ಏಸಿ ಒಮ್ಮೆ ಕೆಮ್ಮಿದ ಹಾಗೆ ಮಾಡಿ ಓಡತೊಡಗಿತು. ಹೆಡ್‌ಫೋನು ಹಾಕಿಕೊಂಡೆವು. ಆಮೇಲೆ ನನ್ನ ಲೋಕದಲ್ಲಿ ಇದ್ದದ್ದು ಪರದೆಯ ಮೇಲಿನ ಲೇಖನವೊಂದೇ. ಹಳೆಯ ಸೇತುವೆಗಳನ್ನು ಉಳಿಸಬೇಕೋ ಕೆಡವಬೇಕೋ ಅನ್ನುವ ಚರ್ಚೆ. ಮೂರನೇ ಪ್ಯಾರಾದಲ್ಲಿದ್ದೆ. ಅಷ್ಟು ನೆನಪಿದೆ, ಏಕೆಂದರೆ ಆ ಪ್ಯಾರಾ ನನಗೆ ಇವತ್ತಿಗೂ ಮುಗಿದಿಲ್ಲ.

ನನ್ನ ಬಲಕ್ಕೆ, ಸಾಲಿನ ತುದಿಯಲ್ಲಿ, ಗಾದಿ ಅಂಗಡಿಯ ಗೆಳತಿ ಕೂತಿದ್ದಳು. ಅವಳ ಜಾಗದಿಂದ ಮಾತ್ರ ಬಾಗಿಲಿನ ಮೇಲಿನ ಮೂಲೆ ಕಾಣುತ್ತಿತ್ತು. ಅಲ್ಲಿ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ, ಅಂಚಿನಿಂದ ನೂಲಿನಷ್ಟು ಸಣ್ಣ ಹೊಗೆ ಹೊರಡುವುದನ್ನು ನೋಡಿದ್ದು ಅವಳು. ನೋಡಿದವಳು ಏನು ಮಾಡಿದಳು? ಆ ಕೋಣೆ ಕಲಿಸಿದ್ದನ್ನು ಮಾಡಿದಳು. ಬಲಗೈ ಎತ್ತಿದಳು.

ಅಡ್ಡಹಲಗೆಯ ಮೇಲೆ ಅವಳ ಬೆರಳುಗಳು ನನಗೆ ಕಂಡವು. ಹಾಳೆ ಬೇಕಾಗಿರಬೇಕು ಅಂದುಕೊಂಡೆ. ಗಾಜಿನಲ್ಲಿ ಸರ್ ಅವರ ಮುಖ ಬಂತು. ಕಿವಿಗೆ ಫೋನು ಹಿಡಿದಿದ್ದರು. ಕೈಯನ್ನು ನೋಡಿದರು, ಇರು ಅನ್ನುವಂತೆ ಅಂಗೈ ತೋರಿಸಿದರು, ತಿರುಗಿದರು. ಬೆಂಕಿ ಇದ್ದದ್ದು ಅವರ ತಲೆಯ ನೇರ ಮೇಲೆ, ಗೋಡೆಯ ಈಚೆ. ಅವರಿಗೆ ಕಾಣುವಂತಿರಲಿಲ್ಲ. ಕಂಡದ್ದು ಕೈ ಮಾತ್ರ, ಕೈಯ ಬೆಲೆ ಏನೆಂದು ಅವರೇ ಗೊತ್ತು ಮಾಡಿಟ್ಟಿದ್ದರಲ್ಲ.

ಅವಳ ಕೈ ಮೇಲೆಯೇ ಇತ್ತು. ಆ ಹೊತ್ತಿನಲ್ಲಿ ಏನಾಗುತ್ತಿತ್ತು ಅಂತ ಅವಳು ಆಮೇಲೆ ನನಗೆ ಹೇಳಿದ್ದಾಳೆ. ಅವಳು ವಾಕ್ಯ ಕಟ್ಟುತ್ತಿದ್ದಳಂತೆ. ಸರ್ ಒಳಗೆ ಬಂದರೆ ಹೇಳಬೇಕಾದ ಇಂಗ್ಲಿಷ್ ವಾಕ್ಯ. ಒಂದನೇ ಇಯತ್ತೆಯ ಮಗುವಿಗೂ ಗೊತ್ತಿರುವ ಶಬ್ದಗಳು ಅವು. ಆದರೆ ಬಿಡಿ ಶಬ್ದ ಒದರಿದರೆ ಸರ್ ಒಪ್ಪುವುದಿಲ್ಲ. ಪೂರ್ತಿ ಮಾತಾಗಿರಬೇಕು, ಸಮಾಧಾನದಿಂದ ಹೇಳಬೇಕು. ಕನ್ನಡದಲ್ಲಿ ಕೂಗಿದರೆ ಇಡೀ ಸಾಲಿನ ಪರೀಕ್ಷೆ ಹೋಗುತ್ತದೆ. ಅದು ನಿಜವಾಗಿ ಬೆಂಕಿಯೇ ಅಲ್ಲದೆ ಏಸಿಯ ಧೂಳಾಗಿದ್ದರೆ? ಎಲ್ಲರೂ ತನ್ನನ್ನು ಏನಂದಾರು? ಜೀವ ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಒಬ್ಬ ಬುದ್ಧಿವಂತ ಹುಡುಗಿ ಕೈ ಎತ್ತಿಕೊಂಡು ಈ ಲೆಕ್ಕ ಹಾಕುತ್ತ ಕೂತಿದ್ದಳು. ಇದಕ್ಕೆ ವರ್ಬಲ್ ತಯಾರಿ ಅನ್ನುತ್ತಾರೆ.

ಅವಳು ಎದ್ದು ನಿಂತಳು. ಹಿಂದಿನ ಸಾಲಿನಿಂದ ಯಾರೋ ಕೂತುಕೋ ಅಂತ ಇಂಗ್ಲಿಷಿನಲ್ಲಿ ಗದರಿದರಂತೆ. ನನಗೆ ಕೇಳಿಸಲಿಲ್ಲ. ನನಗೆ ಗೊತ್ತಾದದ್ದು ನನ್ನ ಹೆಡ್‌ಫೋನು ತಲೆಯಿಂದ ಹಾರಿ ಹೋದಾಗ. ಅವಳು ಅದನ್ನು ಕಿತ್ತಿದ್ದಳು. ಮುಖ ನನ್ನ ಮುಖದ ಹತ್ತಿರವೇ ಇತ್ತು.

"ಗ್ವಾಡಿ ಹತ್ತೇತಿ. ಏಳ."

ಅದೇ ಕ್ಷಣಕ್ಕೆ ಅಂತ ಕಾಣುತ್ತದೆ, ಮೂಲೆಯ ಸ್ಪಂಜು ಭಗ್ಗನೆ ಹೊತ್ತಿತು. ಹೊತ್ತಿದ್ದು ಅನ್ನುವುದಕ್ಕಿಂತ ಕರಗಿದ್ದು ಅನ್ನಬೇಕು. ಉರಿಯುವ ಹನಿಗಳು ಬಾಗಿಲಿನ ಮುಂದೆ ಟಪಟಪ ಬೀಳತೊಡಗಿದವು. ಹೊಗೆ ಬಿಳಿಯದಲ್ಲ, ಕಪ್ಪು, ಎಣ್ಣೆಯಂಥದು. ಅದು ಚಾವಣಿಗೆ ತಾಗಿ ನಮ್ಮ ತಲೆಯ ಕಡೆ ಇಳಿಯುತ್ತ ಬಂತು. ಇನ್ನೂ ಹೆಡ್‌ಫೋನು ತೆಗೆಯದೆ ಪರದೆ ನೋಡುತ್ತಿದ್ದವರಿದ್ದರು. ಅವರ ಭುಜ ಹಿಡಿದು ಅಲುಗಾಡಿಸಬೇಕಾಯಿತು. ಎಲ್ಲರೂ ಬಾಗಿಲಿಗೆ ನುಗ್ಗಿದೆವು. ಬಾಗಿಲು ಒಳಮುಖವಾಗಿ ತೆರೆಯುವಂಥದು, ಹೊರಗೆ ಚಿಲಕ. ನಾವು ಗುದ್ದುತ್ತಿದ್ದೆವು. ಎಲ್ಲರಿಗಿಂತ ಮುಂದೆ ಇದ್ದವಳು ಅವಳು. ಸ್ಟೀಲಿನ ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದಿದ್ದಳು. ಮೇಲಿನಿಂದ ಸ್ಪಂಜಿನ ಹನಿ ಅದೇ ಕೈಯ ಮೇಲೆ ಬಿತ್ತು, ಮತ್ತೆ ಬಿತ್ತು. ಅವಳು ಬಿಡಲಿಲ್ಲ. ಬಿಟ್ಟರೆ ಹಿಂದಿನಿಂದ ನುಗ್ಗುವವರ ಭಾರಕ್ಕೆ ಬಾಗಿಲು ಒಳಗೆ ಬರುವುದೇ ಇಲ್ಲ ಅಂತ ಅವಳಿಗೆ ಆಗ ಹೊಳೆದಿತ್ತು. ಬೆನ್ನಿನಿಂದ ನಮ್ಮನ್ನೆಲ್ಲ ಹಿಂದೆ ಒತ್ತುತ್ತ, ಕೈಯಿಂದ ಹಿಡಿಕೆ ಎಳೆಯುತ್ತ ನಿಂತಿದ್ದಳು.

ಗುದ್ದುವ ಸದ್ದಿಗೆ ಸರ್ ಹೊರಗಿನಿಂದ ಚಿಲಕ ಸರಿಸಿದರು. ಗಾಳಿ ಒಳಗೆ ಬಂದಂತೆ ಬೆಂಕಿ ಇನ್ನಷ್ಟು ಮೇಲೆದ್ದಿತು. ಅದರ ಕೆಳಗಿನಿಂದ ಬಗ್ಗಿ ಒಬ್ಬರ ಹಿಂದೆ ಒಬ್ಬರು ಹೊರಗೆ ಬಿದ್ದೆವು. ಆಗ ನಾನು ಕೇಳಿದ್ದನ್ನು ಸಾಯುವವರೆಗೆ ಮರೆಯುವುದಿಲ್ಲ. ಸರ್ ಮೆಟ್ಟಿಲಿನ ಹತ್ತಿರ ನಿಂತು ಕೂಗುತ್ತಿದ್ದರು.

"ಹೊರಗ ಬರ್ರಿ, ಲಗೂ ಬರ್ರಿ. ಚೀಲಾ ಬಿಡ್ರಿ, ಬರ್ರಿ ನಮ್ಮವ್ವಾ, ಬರ್ರಿ."

ಅಚ್ಚ ಧಾರವಾಡದ ಕನ್ನಡ. ಅಷ್ಟು ದಿನಗಳಲ್ಲಿ ನಾವು ಅವರ ಬಾಯಿಂದ ಕೇಳಿದ ಮೊದಲ ಕನ್ನಡ. ನಮಗೆ ವಾಕ್ಯ ಕಟ್ಟಲು ಹಚ್ಚಿದವರಿಗೆ ತಮ್ಮ ಸರದಿ ಬಂದಾಗ ವಾಕ್ಯ ಕಟ್ಟುವ ತಾಪತ್ರಯವೇ ಇರಲಿಲ್ಲ. ಅವರ ನಿಯಮ ಅವರಿಗೆ ಒಂದು ಉಸಿರಿನಷ್ಟು ಹೊತ್ತೂ ಬಾಳಲಿಲ್ಲ. ಅವಳಿಗೆ ಮಾತ್ರ ಕೈ ಸುಡುವವರೆಗೆ ಬಾಳಿತು.

ರಸ್ತೆಗೆ ಬಂದು ಆಟೋ ಸ್ಟ್ಯಾಂಡಿನ ಮುಂದೆ ಕೂತು ಕೆಮ್ಮಿದೆವು. ಕಪ್ಪು ಉಗುಳು. ಕನ್ನಡಕದ ಅಂಗಡಿಯವರು ನೀರು ತಂದುಕೊಟ್ಟರು. ಅಗ್ನಿಶಾಮಕದ ಗಾಡಿ ಬಂದು ಆರಿಸುವಷ್ಟರಲ್ಲಿ ಕೋಣೆ ಪೂರಾ ಕಪ್ಪಾಗಿತ್ತು. ಎಲ್ಲರೂ ಬದುಕಿದೆವು. ಅದನ್ನೇ ಸರ್ ದೊಡ್ಡದಾಗಿ ಹಿಡಿದುಕೊಂಡರು. ಸಂಜೆ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಅವರ ಸಂದೇಶ ಬಂತು, ಇಂಗ್ಲಿಷಿನಲ್ಲಿ. ಸಣ್ಣ ತಾಂತ್ರಿಕ ತೊಂದರೆಯಾಯಿತು, ಯಾರಿಗೂ ಅಪಾಯವಿಲ್ಲ, ಒಬ್ಬ ವಿದ್ಯಾರ್ಥಿನಿ ಗಾಬರಿಯಾದದ್ದರಿಂದ ಸ್ವಲ್ಪ ಗೊಂದಲವಾಯಿತು, ಮುಂದೆ ಎಲ್ಲರೂ ಶಾಂತಿಯಿಂದ ನಿಯಮ ಪಾಲಿಸಬೇಕು. ಅದರ ಕೆಳಗೆ ಹೆಬ್ಬೆರಳುಗಳ ಸಾಲು. ಅವಳು ಭುಜ ಅಲುಗಾಡಿಸಿ ಎಬ್ಬಿಸಿದವರ ಹೆಬ್ಬೆರಳೂ ಅದರಲ್ಲಿತ್ತು. ನಾನು ಆ ಸಂದೇಶವನ್ನು ಎಷ್ಟು ಸಲ ಓದಿದೆನೋ. ಇದನ್ನು ಬರೆದವನ ಉದ್ದೇಶವೇನು ಅಂತ ಯಾವ ಪರೀಕ್ಷೆಯಲ್ಲಿ ಕೇಳಿದರೂ ನಾನು ಸರಿಯುತ್ತರ ಬರೆಯಬಲ್ಲೆ.

ಅವಳ ಬಲಗೈಗೆ ಮಣಿಕಟ್ಟಿನವರೆಗೆ ಪಟ್ಟಿ ಕಟ್ಟಿದ್ದರು. ಪರೀಕ್ಷೆ ಹತ್ತಿರದಲ್ಲೇ ಇತ್ತು. ಬೆರಳು ಮಡಚಲು ಬರುವುದಕ್ಕೆ ಸಮಯ ಹಿಡಿಯುತ್ತದೆ ಅಂತ ಡಾಕ್ಟರು ಹೇಳಿದ್ದರು. ನಾನು ನೋಡಲು ಹೋದಾಗ ಅವಳು ಅಂಗಡಿಯಲ್ಲಿ ಗಾದಿಗಳ ರಾಶಿಗೆ ಒರಗಿ ಕೂತಿದ್ದಳು. ಅವಳ ತಂದೆ ಸೂಜಿ ಹಿಡಿದು ಗಾದಿಗೆ ಹೊಲಿಗೆ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಸರ್ ಬಂದರು. ಕೈಯಲ್ಲಿ ಸೇಬಿನ ಚೀಲ. ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಬಹಳ ವಿನಯದಿಂದ ಗಾದಿಯ ಅಂಚಿಗೆ ಕೂತರು. ಈಗ ಕನ್ನಡ ಸರಾಗವಾಗಿ ಬರುತ್ತಿತ್ತು.

"ನಿಮ್ಮ ಮಗಳು ಭಾಳ ಶ್ಯಾಣೇಕಿ ಅದಾಳ್ರಿ ಸಾಹೇಬ್ರ. ಆವತ್ತ ಸ್ವಲ್ಪ ಗಾಬರಿ ಆದಳು, ಅಷ್ಟ. ಸಣ್ಣ ವಯಸ್ಸು."

ಅವಳ ತಂದೆ ಸೂಜಿಯನ್ನು ಗಾದಿಗೆ ಚುಚ್ಚಿ ಹಾಗೆಯೇ ಬಿಟ್ಟರು. "ಕೈ ಎತ್ತಿದ್ದಳಂತಲ್ರಿ ಸರ."

"ಎತ್ತಿದ್ದಳ್ರಿ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಬಾಯಿ ಬಿಟ್ಟು ಹೇಳಬೇಕಿತ್ತಲ್ರಿ. ಹೇಳಿದ್ರ ನಾ ಬಾಗ್ಲಾ ತಗೀತಿದ್ದಿಲ್ಲೇನು?"

ಗೆಳತಿ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಮಗುವನ್ನು ಮಲಗಿಸಿದ ಹಾಗೆ ಇಟ್ಟುಕೊಂಡಿದ್ದಳು.

"ಯಾವ ಭಾಷಾದಾಗ ಹೇಳಬೇಕಿತ್ರಿ ಸರ?"

ದನಿ ಏರಿಸಲಿಲ್ಲ. ಪಾಠದ ಸಂದೇಹ ಕೇಳಿದಂತೆಯೇ ಕೇಳಿದಳು. ಸರ್ ಸೇಬಿನ ಚೀಲದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಅಂಥ ಹೊತ್ತಿನಲ್ಲಿ ಯಾವ ಭಾಷೆಯಾದರೇನು ಅಂದರು.

"ಹಂಗಂತ ಒಮ್ಮೆರೆ ಹೇಳಿದ್ದಿರೇನ್ರಿ ನಮಗ?"

ಕ್ಲಾಸಿಗೆ ಬೇರೆ ಕಡೆ ಹೊಸ ಕೋಣೆ ನೋಡಿದ್ದೇನೆ, ಅವಳಿಗಾಗಿ ಬೇರೆ ಹೊತ್ತು ಕೊಟ್ಟು ವರ್ಬಲ್ ಮಾಡಿಸುತ್ತೇನೆ, ಇದನ್ನು ಎಲ್ಲೂ ದೊಡ್ಡದು ಮಾಡುವುದು ಬೇಡ ಅಂತ ಸರ್ ಹೇಳಿದರು. ಅವಳ ತಂದೆ ಎದ್ದು ಸೇಬಿನ ಚೀಲವನ್ನು ಅವರ ಕೈಗೇ ಕೊಟ್ಟು, "ಚಾ ಕುಡಿದು ಹೋಗ್ರಿ," ಅಂದರು. ಸಿಟ್ಟು ಬಂದಾಗ ಅವರು ಆಡಿದ ಅತಿ ಕಠಿಣವಾದ ಮಾತು ಇದೇ ಅಂತ ಅವಳು ಆಮೇಲೆ ಹೇಳಿದಳು. ಸರ್ ಚಹಾ ಕುಡಿಯದೆ ಹೋದರು. ದೂರು ಕೊಟ್ಟೆವು. ಕೊಟ್ಟ ಕಡೆಯಲ್ಲೆಲ್ಲ, ಯಾರೂ ಸತ್ತಿಲ್ಲವಲ್ಲ ಅಂತ ನಮ್ಮನ್ನೇ ಸಮಾಧಾನ ಮಾಡಿ ಕಳಿಸಿದರು. ಯಾರಾದರೂ ಸತ್ತ ಮೇಲೆ ಬರಬೇಕಿತ್ತೇನೋ.

ಕ್ಲಾಸು ಬಿಟ್ಟೆವು. ಆದರೆ ಪರೀಕ್ಷೆ ಬಿಡುವ ಹಾಗಿರಲಿಲ್ಲ. ಅವಳ ಪಾಲಿಗೆ ಆ ವರ್ಷ ಇನ್ನೂ ಮುಗಿದಿರಲಿಲ್ಲ. ಅಂಗಡಿಯ ಅಟ್ಟದ ಮೇಲೆ, ಬಾಗಿಲನ್ನು ಪೂರಾ ತೆರೆದಿಟ್ಟು, ಹಿಂಜಿದ ಹತ್ತಿಯ ಮೂಟೆಗಳ ನಡುವೆ ಕೂತೆವು. ಮೌಸನ್ನು ಎಡಗೈಗೆ ಬದಲಾಯಿಸಿ ಅಭ್ಯಾಸ ಮಾಡಿದಳು. ನಾನು ಲೇಖನ ಓದುತ್ತಿದ್ದೆ. ಮೊದಮೊದಲು ಸರ್ ಕಲಿಸಿದಂತೆ ಕಷ್ಟದ ಶಬ್ದಗಳಿಗೆ ಗೆರೆ ಎಳೆದುಕೊಂಡು ಹೋದೆವು. ಏನೂ ತಲೆಗೆ ಹತ್ತಲಿಲ್ಲ. ಒಂದು ಮಧ್ಯಾಹ್ನ ಅವಳಿಗೆ ರೇಗಿಹೋಯಿತು. ಓದುವುದು ನಿಲ್ಲಿಸು, ಈ ಮನುಷ್ಯ ಏನು ಹೇಳುತ್ತಿದ್ದಾನೆ ಅಂತ ನಮ್ಮ ಅಮ್ಮಿಗೆ ತಿಳಿಯುವ ಹಾಗೆ ಹೇಳು ಅಂದಳು. ನಾನು ಹೇಳಿದೆ, ನಮ್ಮ ಮಾತಿನಲ್ಲಿ. ಅವಳು ನನ್ನ ಮಾತಿಗೆ ತಕರಾರು ತೆಗೆದಳು. "ಅಂವಾ ಹಂಗ ಅಂದೇ ಇಲ್ಲ. ನೀ ನಿಂದ ಸೇರಿಸಿ ಹೇಳಾಕತ್ತಿ. ಅಂವಾ ಇನ್ನೂ ಅನುಮಾನದಾಗ ಅದಾನ, ನೀ ಆಗಲೇ ತೀರ್ಪು ಕೊಟ್ಟಿ."

ಅವಳು ಅಂದದ್ದು ಸರಿಯಿತ್ತು. ಪ್ರಶ್ನೆ ಕೇಳಿದ್ದೂ ಅದನ್ನೇ. ಅವತ್ತಿನಿಂದ ಪ್ರತಿ ಪ್ಯಾರಾ ಆದ ಮೇಲೆ ನಿಲ್ಲಿಸಿ, ನಮ್ಮ ಮಾತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು, ಬರೆದವನ ಜೊತೆ ಜಗಳಾಡಿ, ಆಮೇಲೆ ಉತ್ತರ ಒತ್ತತೊಡಗಿದೆವು. ಕೆಳಗಿನಿಂದ ಅವಳ ತಂದೆ, ಇವತ್ತು ಯಾರನ್ನು ಬೈಯುತ್ತಿದ್ದೀರಿ ಅಂತ ಕೇಳುತ್ತಿದ್ದರು. ಅವಳ ಅಂಕ ಏರತೊಡಗಿತು. ಹಿಂದಿನ ವರ್ಷ ತಪ್ಪಿದ ಗೆರೆಯ ಹತ್ತಿರ ಬಂತು, ಒಂದು ದಿನ ಅದನ್ನು ದಾಟಿತು, ಮತ್ತೆ ಇಳಿಯಿತು, ಮತ್ತೆ ದಾಟಿತು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಅವಳಿಗೆ ಓದಿದ್ದು ತಿಳಿಯುತ್ತಿರಲಿಲ್ಲ ಅಂತಲ್ಲ. ತಿಳಿಯುವುದಕ್ಕೆ ಅವಳ ಹತ್ತಿರ ಇದ್ದ ಸಲಕರಣೆಯನ್ನೇ ಮೆಟ್ಟಿಲ ಕೆಳಗೆ ಇಟ್ಟು ಬರಬೇಕು ಅಂದಿದ್ದರು. ಅಷ್ಟು ದಿನ ನಾವು ಯೋಚಿಸುವುದನ್ನು ಕಲಿತಿರಲಿಲ್ಲ, ಯೋಚಿಸದೆ ಇರುವುದನ್ನು ಕಲಿತಿದ್ದೆವು.

ಪರೀಕ್ಷೆಯ ದಿನ ಇಬ್ಬರಿಗೂ ಒಂದೇ ಕೇಂದ್ರ ಬಂದಿತ್ತು, ಊರ ಹೊರಗಿನ ಒಂದು ಕಾಲೇಜು. ಒಳಗೆ ಹೋಗುವ ಮುಂಚೆ ಅವಳು ಬಾಗಿಲಿನ ಹತ್ತಿರ ನಿಂತುಬಿಟ್ಟಳು. ನನಗೆ ಗೊತ್ತಾಯಿತು ಏನು ನೋಡುತ್ತಿದ್ದಾಳೆ ಅಂತ. ನಾನೂ ಅದನ್ನೇ ನೋಡುತ್ತಿದ್ದೆ. ಬಾಗಿಲಿಗೆ ಅಡ್ಡವಾಗಿ ಒಂದು ಖಾಲಿ ಕುರ್ಚಿ ಇಟ್ಟು ತೆರೆದೇ ಬಿಟ್ಟಿದ್ದರು. ಗೋಡೆ ಬರೀ ಸುಣ್ಣದ ಗೋಡೆ. ಕಿಟಕಿಯಾಚೆ ಯಾರೋ ಸ್ಕೂಟರು ಚಾಲೂ ಮಾಡುತ್ತಿದ್ದರು. ಮೇಲ್ವಿಚಾರಣೆಯ ಮಾಸ್ತರರು ಇಂಗ್ಲಿಷಿನಲ್ಲಿ ಸೂಚನೆಗಳನ್ನು ಓದಿ ಮುಗಿಸಿ, ಕನ್ನಡಕ ತೆಗೆದು, ಏನಾದರೂ ತೊಂದರೆಯಾದರೆ ಕೈ ಎತ್ತಿ, ನಾನು ನೋಡದಿದ್ದರೆ ಕರೆಯಿರಿ, ಹೆದರಬೇಡಿ ಅಂತ ಕನ್ನಡದಲ್ಲಿ ಹೇಳಿದರು. ಇಷ್ಟೇ. ನಮ್ಮನ್ನು ಬೀಗದೊಳಗೆ ಹಾಕಿ ಅಭ್ಯಾಸ ಮಾಡಿಸಿದ ಆ ಭಯಂಕರ ಕೇಂದ್ರ ಎಲ್ಲೂ ಇರಲಿಲ್ಲ. ಅದು ಇದ್ದದ್ದು ವಿದ್ಯಾನಗರದ ಮೂರನೇ ಮಹಡಿಯಲ್ಲಿ ಮಾತ್ರ.

ವರ್ಬಲ್ ಅರ್ಧಕ್ಕೆ ಬಂದಿತ್ತು. ನನ್ನ ಮುಂದಿನ ಸಾಲಿನಲ್ಲಿ ಅವಳ ಕೈ ಮೇಲೆದ್ದದ್ದು ಕಂಡಿತು. ಬಲಗೈ, ಚರ್ಮ ಇನ್ನೂ ಕೆಂಪು. ಮಾಸ್ತರರು ಆ ಕಡೆಯ ತುದಿಯಲ್ಲಿ ಯಾರಿಗೋ ಹಾಳೆ ಕೊಡುತ್ತಿದ್ದರು. ಅವಳು ಒಂದು ಉಸಿರು ಕಾದಳು. ಆಮೇಲೆ ಕೈ ಇಳಿಸಿ, ಇಡೀ ಕೋಣೆಗೆ ಕೇಳುವಂತೆ ಹೇಳಿದಳು.

"ಸರ, ನಂದು ಬಂದ್ ಬಿದ್ದೇತ್ರಿ. ಲಗೂ ಬರ್ರಿ."

ತಲೆಗಳು ತಿರುಗಿದವು. ಮಾಸ್ತರರು ಓಡಿಯೇ ಬಂದರು. ಬೇರೆ ಕಂಪ್ಯೂಟರಿನ ಮುಂದೆ ಕೂರಿಸಿದರು, ಅವಳ ಸಮಯ ನಿಂತಲ್ಲಿಂದಲೇ ಮುಂದುವರಿಯಿತು. ಅವಳು ಎಡಗೈಯನ್ನು ಮೌಸಿನ ಮೇಲಿಟ್ಟು ಮತ್ತೆ ಪರದೆಗೆ ಬಾಗಿದಳು. ನಾನು ನನ್ನ ಪರದೆಗೆ ಮರಳಲು ತಡವಾಯಿತು. ನನ್ನ ಫಲಿತಾಂಶ ಹೇಳಿಕೊಳ್ಳುವಂಥದ್ದೇನಲ್ಲ. ಅವಳು ವರ್ಬಲ್‌ನ ಗೆರೆ ದಾಟಿದಳು, ಅದೂ ಅಂಚಿನಲ್ಲಲ್ಲ.

ಫಲಿತಾಂಶ ಬಂದ ವಾರ ಸರ್ ಅವರ ಸಂದೇಶ ಬಂತು. ಅಭಿನಂದನೆ. ಕ್ಲಾಸಿಗೆ ಹೆಮ್ಮೆಯ ವಿಷಯ. ಫ್ಲೆಕ್ಸಿಗೆ ಒಂದು ಒಳ್ಳೆಯ ಫೋಟೋ ಬೇಕು, ನಗುಮುಖದ್ದು ಇರಲಿ. ಅವಳು ಅದನ್ನು ನನಗೆ ತೋರಿಸಿ, ಉತ್ತರ ಬರೆಯುವುದಿಲ್ಲ, ಬರೆದರೆ ಅದನ್ನೂ ಫ್ಲೆಕ್ಸಿಗೆ ಹಾಕಿಯಾರು ಅಂದಳು. "ನೀನ ಹೋಗಿ ಬಾಯಿಲೆ ಹೇಳಿ ಬಾ. ನಾ ಅವರ ಮೆಟ್ಟಲಾ ಹತ್ತಂಗಿಲ್ಲ."

ಹೋದೆ. ಹೊಸ ಕ್ಲಾಸು ಹಿಂದಿನ ಓಣಿಯಲ್ಲಿತ್ತು, ಎರಡನೇ ಮಹಡಿ. ಸರ್ ಹೊರಗಿನ ಕೋಣೆಯಲ್ಲಿ ಯಾರದೋ ತಂದೆತಾಯಿಯ ಜೊತೆ ಕೂತಿದ್ದರು. ನನ್ನನ್ನು ನೋಡಿ ಕೂರಲು ಸನ್ನೆ ಮಾಡಿದರು. ಅದೇ ಅಂಗೈ. ನಾನು ಕೂರಲಿಲ್ಲ. ಎದುರಿಗೆ ಪರೀಕ್ಷೆಯ ಕೋಣೆಯ ಬಾಗಿಲು. ಹೊಸ ಬಣ್ಣ, ಮುಖದಗಲದ ಗಾಜು, ಹೊರಗಿನಿಂದ ಹಾಕಿದ ಚಿಲಕ. ಗಾಜಿನೊಳಗೆ ಬೂದು ಗೋಡೆ. ಸಾಲಿನ ಕೊನೆಯಲ್ಲಿ ಒಂದು ಕೈ ಮೇಲಿತ್ತು. ಎಷ್ಟು ಹೊತ್ತಿನಿಂದ ಇತ್ತೋ, ಬೆರಳುಗಳು ಬಾಗಿ ಹೋಗಿದ್ದವು.

ಅವಳ ಫೋಟೋ ಸಿಗುವುದಿಲ್ಲ, ಅವಳು ನಿಮ್ಮಲ್ಲಿ ಕಲಿತದ್ದು ಅವಳ ಕೈಯ ಮೇಲಿದೆ ಅಂತ ನಾನು ಸರ್ ಅವರಿಗೆ ಹೇಳಿದೆ. ಆ ತಂದೆತಾಯಿ ಕೇಳಲಿ ಅಂತಲೇ ಕನ್ನಡದಲ್ಲಿ ಹೇಳಿದೆ. ಆಮೇಲೆ ಹೋಗಿ ಚಿಲಕ ಸರಿಸಿ ಒಳಗೆ ನಡೆದೆ. ಕಣ್ಣು ನನ್ನ ಮಾತು ಕೇಳದೆ ಚಾವಣಿಯ ಮೂಲೆಗಳನ್ನೇ ಹುಡುಕುತ್ತಿತ್ತು. ಕೈ ಎತ್ತಿದ್ದ ಹುಡುಗಿಯ ಹೆಡ್‌ಫೋನನ್ನು ಮೆಲ್ಲಗೆ ಸರಿಸಿ ಕೇಳಿದೆ.

"ಏನಾಗೇತವಾ?"

ಅವಳು ಹೆದರಿ ಸುತ್ತ ನೋಡಿದಳು. ಸಾಲಿನವರೆಲ್ಲ ಅವಳನ್ನೇ ನೋಡುತ್ತಿದ್ದರು. ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಹೇಳಿದಳು.

"ಹಾಳಿ ಬೇಕಾಗಿತ್ರಿ ಅಕ್ಕಾ, ಅಷ್ಟ."

ಬಾಗಿಲ ಪಕ್ಕದ ಮೇಜಿನಿಂದ ಹಾಳೆ ತಂದು ಅವಳ ಮುಂದಿಟ್ಟೆ. ಹೊರಗೆ ಬರುವಾಗ ಅಲ್ಲಿದ್ದ ಕುರ್ಚಿಯೊಂದನ್ನು ಎಳೆದು ಬಾಗಿಲು ಮುಚ್ಚದಂತೆ ಅಡ್ಡ ಇಟ್ಟೆ. ಸರ್ ಎದ್ದು ನಿಂತಿದ್ದರು. ಆ ತಾಯಿ ಮಾತ್ರ ತೆರೆದ ಬಾಗಿಲಿನತ್ತ ಹೋಗಿ, ಚಿಲಕವನ್ನು ಬೆರಳಿನಿಂದ ಮುಟ್ಟಿ, ಇದು ಹೊರಗೆ ಯಾಕಿದೆ ಅಂತ ಸರ್ ಅವರನ್ನು ಕೇಳುತ್ತಿದ್ದರು. ನಾನು ಮೆಟ್ಟಿಲಿಳಿಯುತ್ತಿದ್ದಾಗ ಆ ತಾಯಿ ಅದನ್ನೇ ಮತ್ತೊಮ್ಮೆ, ಜೋರಾಗಿ ಕೇಳಿದರು.